‘ಕುರುಡು ಗೂಬೆ’ ಓದಿದ ಸೋದರಳಿಯನಿಗೆ

ಚಿ. ಸುಮಂತನಿಗೆ ಸೋದರಮಾವನ ಆಶೀರ್ವಾದಗಳು.

ಇರಾನಿನ ಲೇಖಕ ಸಾದೆಕ್ ಹೆದಾಯತ್‌ನ ‘ಕುರುಡು ಗೂಬೆ’ ಕಾದಂಬರಿಯನ್ನು ಒಂದೇ ರಾತ್ರಿ ಓದಿ ಮುಗಿಸಿದೆಯೆಂದೂ, ಫ್ರೆಂಚ್ ಲೇಖಕರಾದ ಸಾರ್ತ್ರ್ ಮತ್ತು ಕಮೂ ಮನುಷ್ಯನ ಒಂಟಿತನದ ಬಗ್ಗೆ ಹೇಳಿದ್ದನ್ನೇ ಆತ ಪಾರಸಿ ಭಾಷೆಯಲ್ಲಿ ಹೇಳಿದ್ದಾನೆಂದೂ ಬರೆದಿದ್ದೀಯೆ. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ಸಾರ್ತ್ರ್‌ನ ಮೊದಲ ಕಾದಂಬರಿ ಹೊರಬಂದದ್ದು 1938ರಲ್ಲಿ, ಕಮೂನದು 1942ರಲ್ಲಿ. ಹೆದಾಯತ್ ಅದಕ್ಕೂ ಮೊದಲೇ, 1936-37ರಲ್ಲಿ, ನಮ್ಮ ಮುಂಬಯಿಯಲ್ಲಿ ಪಾರ್ಸಿ ಸಮುದಾಯದ ವಿದ್ವಾಂಸರ ಬಳಿ ಇರಾನಿನ ಪ್ರಾಚೀನ ಭಾಷೆಯಾದ ಪಹ್ಲವಿಯನ್ನು ಕಲಿಯುತ್ತಿದ್ದಾಗ, ಈ ಪುಸ್ತಕದ ಸುಮಾರು ಐವತ್ತು ಪ್ರತಿಗಳನ್ನಷ್ಟೇ ತೆಗೆಸಿ, ಇರಾನಿನಲ್ಲಿ ಮಾರಾಟಕ್ಕಲ್ಲ ಎಂದು ಬರೆಸಿದ್ದ. ಇರಾನಿನ ದೊರೆ ರೆಜಾ ಷಾ 1941ರಲ್ಲಿ ಸಿಂಹಾಸನ ಬಿಟ್ಟ ಮೇಲೆಯೇ ತೆಹರಾನಿನ ಓದುಗರಿಗೆ ಅದು ದಕ್ಕಿತು. ಸಾರ್ತ್ರ್‌ನ ಕಥೆಯನ್ನು ಹೆದಾಯತ್ ಪಾರಸಿಗೆ ತಂದದ್ದೂ, ಕಾಫ್ಕಾನ ಬಗ್ಗೆ ದೀರ್ಘ ಪ್ರಬಂಧ ಬರೆದದ್ದೂ ಆಮೇಲಿನ ಮಾತು. ಬಾಯಿ ಬಿಟ್ಟರೆ ಅಪಾಯವಿದ್ದ ಊರಿನಲ್ಲಿ ಒಬ್ಬ ಮನುಷ್ಯ ಗೋಡೆಯ ಮೇಲಿನ ತನ್ನ ನೆರಳಿಗಾಗಿ ಬರೆಯುತ್ತಾನೆಂದರೆ, ಆ ಒಂಟಿತನ ಪ್ಯಾರಿಸ್ಸಿನಿಂದ ತಂದ ಕಡವಲ್ಲ.

ಕಾದಂಬರಿಯ ನಿರೂಪಕ ಲೇಖನಿಪೆಟ್ಟಿಗೆಗಳ ಮೇಲೆ ಬಿಡಿಸುವ ಚಿತ್ರವನ್ನೇ ನೋಡು: ಸರೂ (ಸೈಪ್ರೆಸ್) ಮರದ ಕೆಳಗೆ ಕುಗ್ಗಿ ಕುಳಿತ ಮುದುಕ, ನಡುವೆ ಹರಿಯುವ ತೊರೆ, ಆಚೆಯಿಂದ ಬಾಗಿ ಹೂವು ನೀಡುವ ಹುಡುಗಿ. ಪ್ರತಿಸಲವೂ ಅದೇ ಚಿತ್ರ. ದಾಟಿಬಿಡಬಹುದಾದಷ್ಟು ಸಣ್ಣ ತೊರೆಯನ್ನು ಯಾರೂ ದಾಟುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಸಂಕಟ ಅಲ್ಲಿದೆ.

ಹೆದಾಯತ್ 1951ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡನೆಂಬುದು ನಿನಗೆ ಗೊತ್ತು. ಆ ಸಾವನ್ನು ಪುಸ್ತಕದ ಕೊನೆಯ ಪುಟವೆಂದು ಓದಬೇಡ ಮಗೂ, ಅದು ಅವನಿಗೂ ಪುಸ್ತಕಕ್ಕೂ ಮಾಡುವ ಅನ್ಯಾಯ. ಜನಪದ ನಂಬಿಕೆಗಳನ್ನೂ ಹಾಡುಗಳನ್ನೂ ಕಲೆಹಾಕಿದವನು, ಲೋಭಿ ವ್ಯಾಪಾರಿಯೊಬ್ಬನನ್ನು ‘ಹಾಜಿ ಆಗಾ’ ಎಂಬ ಪುಸ್ತಕದಲ್ಲಿ ಲೇವಡಿ ಮಾಡಿದವನು ಕೂಡ ಅವನೇ.

ಈಗ ಅವನ ‘ಬೀದಿನಾಯಿ’ ಕಥೆ ಓದು. ವರಾಮೀನ್ ಊರಿನ ಚೌಕದಲ್ಲಿ ಯಜಮಾನನನ್ನು ಕಳೆದುಕೊಂಡ ಪಾತ್ ಎಂಬ ನಾಯಿ ಕಂಡವರಿಂದೆಲ್ಲ ಏಟು ತಿನ್ನುತ್ತದೆ; ಅದರ ಕಣ್ಣುಗಳು ಮಾತ್ರ ಮನುಷ್ಯರವು. ಒಂದು ದಿನ ಯಾರೋ ಕರುಣೆ ತೋರಿ, ಬಳಿಕ ಕಾರು ಹತ್ತಿ ಹೊರಟುಹೋಗುತ್ತಾರೆ. ಪಾತ್ ಉಸಿರು ಕಟ್ಟುವವರೆಗೂ ಕಾರಿನ ಹಿಂದೆ ಓಡುತ್ತದೆ. ಇಲ್ಲಿ ತತ್ತ್ವದ ಒಂದು ಪದವೂ ಇಲ್ಲ, ಆದರೂ ಒಲವಿಗಾಗಿ ಹಂಬಲಿಸುವ ಜೀವಿಯ ಅನಾಥತನ ಇದಕ್ಕಿಂತ ಸ್ಪಷ್ಟವಾಗಿ ಬರೆಯಲ್ಪಟ್ಟದ್ದನ್ನು ನಾನು ಕಂಡಿಲ್ಲ.

ಇದನ್ನು ರಾತ್ರಿ ಒಬ್ಬನೇ ಕುಳಿತು ಓದಬೇಡ. ಶನಿವಾರ ಮನೆಗೆ ಬಾ, ಅತ್ತೆಯೂ ಕೇಳುತ್ತಿದ್ದಾಳೆ. ಹಜಾರದಲ್ಲಿ ಕುಳಿತು ಇಬ್ಬರೂ ಗಟ್ಟಿಯಾಗಿ ಓದೋಣ.

ಇಂತಿ ನಿನ್ನ ಮಾವ