ವಾಕರ್ ಎಂದರೆ ನಡೆಯುವವನಲ್ಲ

ಲೀಡ್ಸ್
ಭಾನುವಾರ ಸಂಜೆ

ತೀರ್ಥರೂಪ ಅಪ್ಪಾಜಿಯವರ ಸನ್ನಿಧಿಗೆ,

ತಮ್ಮ ಮಗಳು ಸುಮಂಗಲಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಮೊಣಕಾಲು ನೋವು ಇಳಿದಿದೆ, ಬೆಳಿಗ್ಗೆ ಬೆಟಗೇರಿಯವರೆಗೆ ನಡೆದು ಬರುತ್ತೀರಿ ಎಂದು ಅಣ್ಣ ಹೇಳಿದ ಮೇಲೆ ಮನಸ್ಸು ಹಗುರಾಯಿತು.

ಫೋನು ಇದ್ದೂ ಪತ್ರ ಬರೆಯುತ್ತಿರುವುದಕ್ಕೆ ಕಾರಣ, ನಾನು ಮಾಡಿದ ಒಂದು ತಪ್ಪು. ಹದಿನೈದು ದಿನಗಳ ಹಿಂದೆ ತಾವು ನಮ್ಮ ಪಕ್ಕದ ಮನೆಯ ಅಜ್ಜಿಯ ಅಡ್ಡಹೆಸರು ‘ವಾಕರ್’ ಎಂದರೆ ಏನರ್ಥ ಎಂದು ಕೇಳಿದಾಗ, ನಾನು ಒಲೆಯ ಮೇಲೆ ಉಕ್ಕುತ್ತಿದ್ದ ಸಾರಿನ ಮೇಲೆ ಕಣ್ಣಿಟ್ಟುಕೊಂಡೇ ‘ನಡೆಯುವವನು ಅಂತ, ಅಪ್ಪಾಜಿ’ ಎಂದುಬಿಟ್ಟೆ. ನಿನ್ನೆ ವೈನಿ ಸಮರ್ಥನ ಶಾಲೆಯ ಪ್ರಾಜೆಕ್ಟಿನ ಫೋಟೋ ಕಳಿಸಿದ್ದರು. ಅದರಲ್ಲಿ ಬಡಿಗೇರ, ಪತ್ತಾರ, ಕುಂಬಾರ, ಗಾಣಿಗೇರ ಮತ್ತು ನಮ್ಮ ಮನೆತನದ ಅಂಗಡಿ, ಈ ಅಡ್ಡಹೆಸರುಗಳ ಕೆಳಗೆ ಹಸಿರು ಸ್ಕೆಚ್ ಪೆನ್ನಿನಿಂದ ‘ಇಂಗ್ಲೆಂಡಿನ ಅಡ್ಡಹೆಸರು: ವಾಕರ್, ನಡೆಯುವವನು’ ಎಂದು ದುಂಡಗೆ ಬರೆದಿದ್ದಾನೆ. ನನ್ನ ಬಾಯಿಂದ ಹೊರಟ ಉಡಾಫೆಯ ಮಾತು ಮಗುವಿನ ನೋಟ್‌ಬುಕ್ಕಿಗೆ ಇಳಿದದ್ದನ್ನು ನೋಡಿ ನಾಚಿಕೆಯಾಯಿತು. ಪ್ರಾಜೆಕ್ಟ್ ಒಪ್ಪಿಸುವುದು ದಸರಾ ರಜೆ ಮುಗಿದ ಮೇಲೆ ಎಂದು ವೈನಿ ಹೇಳಿದ್ದರಿಂದ, ಅಷ್ಟರೊಳಗೆ ಈ ಪತ್ರ ತಲುಪುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ವಾಕರ್ ಎಂಬುದು ಕಸುಬಿನ ಹೆಸರು. ಮಗ್ಗದಿಂದ ಇಳಿಸಿದ ಉಣ್ಣೆಯ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ತುಳಿದು, ಕುಟ್ಟಿ ದಟ್ಟಗೊಳಿಸುವವನಿಗೆ ಆ ಹೆಸರಿತ್ತು. ಮಗ್ಗದಿಂದ ಬಂದಾಗ ಆ ಬಟ್ಟೆ ಸಡಿಲವಾಗಿ, ಎಳೆಗಳ ನಡುವೆ ಬೆಳಕು ಕಾಣುವ ಹಾಗೆ ಇರುತ್ತದೆ. ನೂಲುವಾಗ ಹಚ್ಚಿದ ಎಣ್ಣೆಯ ಜಿಡ್ಡೂ ಅದರಲ್ಲಿ ಉಳಿದಿರುತ್ತದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಪ್ಪಳಿಕೆಗಳಿದ್ದು, ತೇವ, ಬಿಸಿ ಮತ್ತು ಏಟು ಮೂರೂ ಸೇರಿದಾಗ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಬಟ್ಟೆ ಉದ್ದಗಲಗಳಲ್ಲಿ ಕುಗ್ಗಿ, ದಪ್ಪವಾಗಿ, ಗಾಳಿಯನ್ನೂ ಮಳೆಯನ್ನೂ ತಡೆಯುವಂತಾಗುತ್ತದೆ.

ಇದನ್ನು ಅರ್ಥ ಮಾಡಿಸಲು ನಾನು ಇದುವರೆಗೆ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಹೇಳಲೇಬೇಕು. ದಯವಿಟ್ಟು ಅವ್ವನಿಗೆ ತಾವೇ ಸಮಾಧಾನವಾಗಿ ತಿಳಿಸಬೇಕು. ಅವ್ವ ಹೋದ ವರ್ಷ ಹೆಣೆದು ಕಳಿಸಿದ್ದ ಮೆಂತ್ಯದ ಬಣ್ಣದ ಉಣ್ಣೆ ಸ್ವೆಟರನ್ನು ನಾನು ಗಮನವಿಲ್ಲದೆ ಉಳಿದ ಬಟ್ಟೆಗಳ ಜೊತೆ ಬಿಸಿನೀರಿನ ವಾಷಿಂಗ್ ಮಷೀನಿಗೆ ಹಾಕಿದೆ. ಹೊರಗೆ ತೆಗೆದಾಗ ಅದು ಆರು ವರ್ಷದ ಮಗುವಿಗೆ ಆಗುವಷ್ಟು ಚಿಕ್ಕದಾಗಿತ್ತು. ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿ, ತೋಳು ಕಂಬಳಿಯ ತುಂಡಿನ ಹಾಗೆ ಬಿರುಸಾಗಿ ನಿಂತಿತ್ತು. ನಾನು ಒಂದು ಗಂಟೆಯಲ್ಲಿ ತಿಳಿಯದೆ ಮಾಡಿದ ಕೆಲಸವನ್ನೇ ಈ ನಾಡಿನ ವಾಕರ್‌ಗಳು ಅಳತೆಯರಿತು, ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿದು, ಹೊಟ್ಟೆಪಾಡಿಗಾಗಿ ಮಾಡುತ್ತಿದ್ದರು.

ಮೊದಲಿಗೆ ಈ ಕೆಲಸ ನಡೆಯುತ್ತಿದ್ದದ್ದು ಕಾಲಿನಿಂದ. ತೊಟ್ಟಿಯಲ್ಲಿ ಬಟ್ಟೆ ಹಾಕಿ, ಮೊಣಕಾಲಿನವರೆಗೆ ಇಳಿದು ಗಂಟೆಗಟ್ಟಲೆ ತುಳಿಯಬೇಕಿತ್ತು. ಜಿಡ್ಡು ಬಿಡಿಸಲು ಎರಡು ವಸ್ತುಗಳನ್ನು ಬಳಸುತ್ತಿದ್ದರು. ಒಂದು ವಿಶೇಷ ಬಗೆಯ ಜೇಡಿಮಣ್ಣು, ಅದರ ವಿಚಾರ ಮುಂದೆ ಹೇಳುತ್ತೇನೆ. ಇನ್ನೊಂದು, ಊಟಕ್ಕೆ ಮುಂಚೆ ಓದುತ್ತಿದ್ದರೆ ಕ್ಷಮಿಸಬೇಕು, ಹಳಸಿದ ಮೂತ್ರ. ಅದನ್ನು ಮನೆಮನೆಗಳಿಂದ ಸಂಗ್ರಹಿಸಿ ತರುತ್ತಿದ್ದರು. ಹಳಸಿದಾಗ ಹುಟ್ಟುವ ಅಮೋನಿಯವೇ ಅಂದಿನ ಸಾಬೂನು. ಸಮರ್ಥನ ಪ್ರಾಜೆಕ್ಟಿನಲ್ಲಿ ಇದೊಂದೇ ಸಾಲು ಇಡೀ ತರಗತಿಗೆ ನೆನಪುಳಿಯುತ್ತದೆ ಎಂದು ನನಗೆ ಖಾತರಿಯಿದೆ.

ಮುಂದೆ ಕಾಲಿನ ಕೆಲಸವನ್ನು ಹೊಳೆಯ ನೀರು ವಹಿಸಿಕೊಂಡಿತು. ಟೆಂಪ್ಲರ್ ಎಂಬ ಧಾರ್ಮಿಕ ಯೋಧರ ಪಂಗಡದವರು 1185ರಲ್ಲಿ ತಮ್ಮ ಆಸ್ತಿಪಾಸ್ತಿಯ ಪಟ್ಟಿ ಮಾಡಿಸಿದಾಗ, ನಮ್ಮ ಲೀಡ್ಸಿನ ಪಕ್ಕದ ಟೆಂಪಲ್ ನ್ಯೂಸಮ್‌ನಲ್ಲಿ ಬಟ್ಟೆ ಕುಟ್ಟುವ ನೀರಿನ ಗಿರಣಿಯೊಂದಿತ್ತೆಂದು ದಾಖಲಾಗಿದೆ. ನಾವು ಮಕ್ಕಳನ್ನು ಭಾನುವಾರ ಆಡಿಸಲು ಕರೆದೊಯ್ಯುವ ಉದ್ಯಾನ ಅದೇ ಜಾಗ. ಅಂಥ ಗಿರಣಿ ಹೇಗಿರುತ್ತದೆಂದು ನೋಡಲು ಹೋದ ಬೇಸಿಗೆಯಲ್ಲಿ ಲ್ಯಾಂಕಾಶೈರಿನ ಹೆಲ್ಮ್‌ಶೋರ್‌ಗೆ ಹೋಗಿದ್ದೆವು. 1789ರಲ್ಲಿ ಕಟ್ಟಿದ ಆ ಗಿರಣಿ ಈಗ ವಸ್ತುಸಂಗ್ರಹಾಲಯ. ನೀರಿನ ಚಕ್ರ ತಿರುಗಿದರೆ ಮರದ ಭಾರಿ ಕೊಡತಿಗಳು ಒಂದಾದ ಮೇಲೊಂದು ಮೇಲೆದ್ದು ತೊಟ್ಟಿಯಲ್ಲಿರುವ ಬಟ್ಟೆಯ ಮೇಲೆ ಬೀಳುವ ಏರ್ಪಾಡು. ತೊಟ್ಟಿಯ ಒಳಮೈ ಬಾಗಿರುವುದರಿಂದ ಪ್ರತಿ ಏಟಿಗೂ ಬಟ್ಟೆ ತಾನಾಗಿಯೇ ಸ್ವಲ್ಪ ಮಗುಚಿಕೊಳ್ಳುತ್ತದೆ, ಹಾಗಾಗಿ ಏಟು ಒಂದೇ ಕಡೆ ಬೀಳುವುದಿಲ್ಲ. ಆ ಬಾಗಿನ ಮೇಲೆ ಕೈಯಾಡಿಸುತ್ತಾ ನಿಂತಿದ್ದಾಗ, ರುಬ್ಬುವಾಗ ಎಡಗೈಯಿಂದ ಹಿಟ್ಟನ್ನು ಒರಳಿಗೆ ತಳ್ಳುತ್ತಿದ್ದ ಅಜ್ಜಿ ನೆನಪಾದಳು. ಆ ಎಡಗೈಯ ಕೆಲಸವನ್ನು ಯಾರೋ ಬಡಗಿ ಮರದಲ್ಲಿ ಕೆತ್ತಿಟ್ಟಿದ್ದ.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಕನ್ನಡ ಮಾಸ್ತರರಾದ ತಮಗೆ ರುಚಿಸುವ ಭಾಗ ಇನ್ನು ಮುಂದಿದೆ. ಈ ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳು. ಉತ್ತರದಲ್ಲಿ, ಅಂದರೆ ನಮ್ಮ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆ, ಆತ ವಾಕರ್. ಕೆಂಟ್, ಸಸೆಕ್ಸ್, ಸಫೊಕ್‌ನಂಥ ಆಗ್ನೇಯದ ಸೀಮೆಗಳಲ್ಲಿ ಅವನೇ ಫುಲ್ಲರ್. ಡೆವನ್, ಸಾಮರ್ಸೆಟ್ ಇರುವ ನೈಋತ್ಯದಲ್ಲಿ ಅವನೇ ಟಕರ್. ಡೆವನ್ನಿನ ಎಕ್ಸೆಟರ್ ನಗರದಲ್ಲಿ ನೇಕಾರರು ಮತ್ತು ಬಟ್ಟೆ ತುಳಿಯುವವರ ಸಂಘ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇಂದಿಗೂ ಗಟ್ಟಿಯಾಗಿ ನಿಂತಿದೆ. ಪಕ್ಕದ ವೇಲ್ಸಿನ ಭಾಷೆಯಲ್ಲಿ ಆ ಗಿರಣಿಗೆ ‘ಪಂಡಿ’ ಎನ್ನುತ್ತಾರೆ. ಕಲ್ಲಿದ್ದಲ ಗಣಿಗಳಿಂದ ಹೆಸರಾದ ಟೊನಿಪಂಡಿ ಎಂಬ ಊರಿನ ಹೆಸರಿನ ಬಾಲದಲ್ಲಿರುವುದು ಅದೇ ಗಿರಣಿ.

ಮೂರು ಪದಗಳ ಹುಟ್ಟೂ ಬೇರೆ ಬೇರೆ. ಫುಲ್ಲರ್ ಲ್ಯಾಟಿನ್ನಿನ ‘ಫುಲ್ಲೊ’ದಿಂದ ಬಂದದ್ದು, ರೋಮನ್ನರಲ್ಲೂ ಈ ಕಸುಬಿನವರಿದ್ದರು. ಟಕರ್‌ನ ಮೂಲವಾದ ಹಳೆಯ ಇಂಗ್ಲಿಷಿನ ‘ಟುಕಿಯನ್’ ಎಂಬ ಕ್ರಿಯಾಪದದ ಅರ್ಥ ಹಿಂಸಿಸು, ಗೋಳಾಡಿಸು. ಬಟ್ಟೆಯ ಪಾಡನ್ನು ನೋಡಿದವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ. ವಾಕರ್‌ನದು ಇವೆರಡಕ್ಕಿಂತ ಸೊಗಸಿನ ಕಥೆ. ಹಳೆಯ ಇಂಗ್ಲಿಷಿನಲ್ಲಿ ‘ವೆಆಲ್ಕನ್’ ಎಂದರೆ ಹೊರಳಿಸು, ಅತ್ತಿತ್ತ ಎಸೆದಾಡು ಎಂದರ್ಥವಿತ್ತೇ ಹೊರತು ನಡೆ ಎಂದಲ್ಲ. ಅದರ ಜರ್ಮನ್ ದಾಯಾದಿಯಾದ ‘ವಾಲ್ಕನ್’ ಇಂದಿಗೂ ಬಟ್ಟೆ ಕುಟ್ಟುವ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಅತ್ತಿತ್ತ ಹೊರಳುವುದು ಅತ್ತಿತ್ತ ತಿರುಗಾಡುವುದಾಗಿ, ತಿರುಗಾಡುವುದು ಕಾಲ್ನಡಿಗೆಯಾಗಿ ಅರ್ಥ ಜಾರಿದ್ದು ಆಮೇಲಿನ ಕಾಲದಲ್ಲಿ. ಕ್ರಿಯಾಪದ ಹೊಸ ಅರ್ಥ ತೊಟ್ಟು ಮುಂದೆ ಹೋಯಿತು, ಅಡ್ಡಹೆಸರು ಹಳೆಯ ಅರ್ಥವನ್ನು ಹಿಡಿದುಕೊಂಡು ಅಲ್ಲೇ ನಿಂತಿತು. ಹಾಗಾಗಿ ‘ತೊಟ್ಟಿಯಲ್ಲಿ ನಡೆದಾಡಿದ್ದರಿಂದ ವಾಕರ್ ಆದ’ ಎಂದು ಕೆಲವರು ಹೇಳುವುದೂ ಪೂರ್ತಿ ಸರಿಯಲ್ಲ. ನನ್ನ ತಪ್ಪಿಗಿಂತ ಅದು ಸ್ವಲ್ಪ ಕಡಿಮೆ ತಪ್ಪು, ಅಷ್ಟೆ.

ಇನ್ನು ಕಸುಬಿನ ಹೆಸರು ಮನೆತನದ ಹೆಸರಾದದ್ದು ಯಾವಾಗ ಎಂಬ ಪ್ರಶ್ನೆ. ನಾರ್ಮನ್ನರು 1066ರಲ್ಲಿ ಈ ದೇಶವನ್ನು ಗೆಲ್ಲುವ ಮುನ್ನ ಸಾಮಾನ್ಯರಿಗೆ ಒಂದೇ ಹೆಸರಿತ್ತು. ಗುರುತಿಗಾಗಿ ಊರು, ಅಪ್ಪ, ಕಸುಬು, ಮೈಚಹರೆ ಇವುಗಳಲ್ಲಿ ಒಂದನ್ನು ಸೇರಿಸಿ ಕರೆಯುವ ರೂಢಿ ಬೆಳೆದು, ಸುಮಾರು 1400ರ ಹೊತ್ತಿಗೆ ಅಂಥ ಹೆಸರು ಅಪ್ಪನಿಂದ ಮಗನಿಗೆ ಇಳಿಯುವುದು ಇಂಗ್ಲೆಂಡಿನ ಬಹುಪಾಲು ಕಡೆ ನೆಲೆಗೊಂಡಿತು. ನಡುವೆ 1377, 1379 ಮತ್ತು 1381ರಲ್ಲಿ ಹಾಕಿದ ತಲೆಗಂದಾಯದ ಪಟ್ಟಿಗಳು ಈ ಬದಲಾವಣೆಯನ್ನು ನಡೆಯುತ್ತಿರುವಾಗಲೇ ಹಿಡಿದಿಟ್ಟಿವೆ. ನಮ್ಮ ಯಾರ್ಕ್‌ಶೈರಿನ ಪಶ್ಚಿಮ ಭಾಗದ 1379ರ ಪಟ್ಟಿ ಚೆನ್ನಾಗಿ ಉಳಿದುಬಂದಿದ್ದು, ಅದರಲ್ಲಿ ಕೆಲವರ ಹೆಸರಿಗೂ ಕಸುಬಿಗೂ ತಾಳೆಯಾಗುತ್ತದೆ, ಇನ್ನು ಕೆಲವರದು ಆಗಲೇ ಬೇರೆಯಾಗಿರುತ್ತದೆ. ಮೂರನೆಯ ಸುತ್ತಿನ ಕಂದಾಯದ ವಿರುದ್ಧ ದಂಗೆಯೆದ್ದ ರೈತರ ನಾಯಕ ವಾಟ್ ಟೈಲರ್‌ನ ಹೆಸರಿನಲ್ಲೂ ಕಸುಬಿದೆ: ಟೈಲರ್ ಎಂದರೆ ಮಾಡಿಗೆ ಹಂಚು ಹೊದಿಸುವವನು. ಬಟ್ಟೆ ಹೊಲಿಯುವ ಟೇಲರ್ ಬೇರೆ. ಸಮರ್ಥನಿಗೆ ಈ ವ್ಯತ್ಯಾಸ ಒತ್ತಿ ಹೇಳಬೇಕು.

ನಮ್ಮ ಅಂಗಡಿಯ ಕಥೆಯೂ ಇದೇ ಅಲ್ಲವೇ? ಮುತ್ತಜ್ಜನ ಕಾಲಕ್ಕೇ ಅಂಗಡಿಯ ಬಾಗಿಲು ಮುಚ್ಚಿತು. ತಾವು ಮೂವತ್ತು ವರ್ಷ ಹಳಗನ್ನಡ ಕಲಿಸಿದರೂ ಊರಿಗೆಲ್ಲ ಅಂಗಡಿ ಮಾಸ್ತರರಾಗಿಯೇ ಉಳಿದಿರಿ.

ಹೆಸರುಗಳ ಹರವಿನ ವಿಚಾರಕ್ಕೆ ಬಂದರೆ, ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಜನರಿಗಿರುವುದು ಸ್ಮಿತ್, ಅಂದರೆ ಕಮ್ಮಾರ. ಅಮೆರಿಕದ 2010ರ ಜನಗಣತಿಯಲ್ಲೂ ಅದೇ ಮೊದಲು, 24 ಲಕ್ಷಕ್ಕೂ ಹೆಚ್ಚು ಜನ. ಯಾವ ಹಳ್ಳಿಗಾದರೂ ಒಬ್ಬ ಕಮ್ಮಾರ ಬೇಕೇ ಬೇಕಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಟ್ಟೆ ತುಳಿಯುವವನು ಹಳ್ಳಿಹಳ್ಳಿಗೂ ಬೇಕಾದವನಲ್ಲ. ಆದರೂ ವಾಕರ್ ಈ ದೇಶದಲ್ಲಿ ಮೊದಲ 20 ಹೆಸರುಗಳೊಳಗೆ ನಿಂತಿದೆ. ಉಣ್ಣೆ ಈ ನಾಡನ್ನು ಎಷ್ಟು ಆಳಿತೆಂಬುದಕ್ಕೆ ನನಗೆ ಬೇರೆ ಪುರಾವೆ ಬೇಕೆನಿಸುವುದಿಲ್ಲ. 1881ರ ಏಪ್ರಿಲ್ 3ರ ರಾತ್ರಿ ಯಾರು ಯಾವ ಮನೆಯಲ್ಲಿದ್ದರೆಂದು ಬರೆದುಕೊಂಡ ಜನಗಣತಿಯಿಂದ ವಿದ್ವಾಂಸರು ಅಡ್ಡಹೆಸರುಗಳ ನಕ್ಷೆಗಳನ್ನು ತಯಾರಿಸಿದ್ದಾರೆ. ರೈಲು, ಗಣಿ, ಕಾರ್ಖಾನೆಗಳು ಜನರನ್ನು ಅಷ್ಟೆಲ್ಲ ಕದಡಿದ ಮೇಲೂ, ಐದು ಶತಮಾನ ಕಳೆದ ಮೇಲೂ, ವಾಕರ್‌ಗಳು ಉತ್ತರದಲ್ಲಿ, ಫುಲ್ಲರ್‌ಗಳು ಆಗ್ನೇಯದಲ್ಲಿ, ಟಕರ್‌ಗಳು ನೈಋತ್ಯದಲ್ಲಿ ದಟ್ಟವಾಗಿದ್ದಾರೆ. ತಾವೂ 1991ರ ಜನಗಣತಿಗೆ ಬಿಸಿಲಿನಲ್ಲಿ ಮನೆಮನೆ ತಿರುಗಿದವರು. ಬರೆದುಕೊಂಡ ಹೆಸರುಗಳಿಂದ ಮುಂದೆ ಯಾರೋ ಇಂಥ ನಕ್ಷೆ ಬರೆಯಬಹುದೆಂದು ಆಗ ಅನ್ನಿಸಿತ್ತೇ?

ನಕ್ಷೆಯಲ್ಲಿ ಕಾಣದ ಇನ್ನೊಂದು ದಾರಿಯೂ ಇದೆ. ಜಮೈಕದಲ್ಲಿ, ಅಮೆರಿಕದ ಕಪ್ಪು ಜನರಲ್ಲಿ ವಾಕರ್ ಹೆಸರಿನವರು ಬಹಳ. ಲೇಖಕಿ ಆಲಿಸ್ ವಾಕರ್ ಹೆಸರನ್ನು ತಾವು ಕೇಳಿರುತ್ತೀರಿ. ಗುಲಾಮಗಿರಿಯ ಕಾಲದಲ್ಲಿ ಆ ಜನರ ಮೂಲ ಹೆಸರುಗಳು ಅಳಿದು, ಇಂಗ್ಲಿಷ್ ಹೆಸರುಗಳು ಅವರ ಪಾಲಿಗೆ ಬಂದವು. ಆ ಕುಟುಂಬಗಳ ಹಿರಿಯರು ಯಾರ್ಕ್‌ಶೈರಿನ ಉಣ್ಣೆಯನ್ನು ತುಳಿದವರಲ್ಲ. ಆದ್ದರಿಂದ ಅಡ್ಡಹೆಸರು ನೋಡಿ ರಕ್ತಸಂಬಂಧ ಹೇಳಲು ಹೊರಡುವವರನ್ನು ಕಂಡರೆ ನನಗೆ ಅಸಹನೆ.

ಪಕ್ಕದ ಮನೆಯ ಅಜ್ಜಿಗೆ ಈ ಕಥೆಯನ್ನೆಲ್ಲ ಚಹಾ ಕುಡಿಯುತ್ತಾ ಹೇಳಿದೆ. ನಿವೃತ್ತ ನರ್ಸ್ ಆದ ಅವರು ಮೂತ್ರದ ಮಾತಿಗೆ ಮುಖ ಕಿವುಚದೆ ಜೋರಾಗಿ ನಕ್ಕು, ವಾಕರ್ ತಮ್ಮ ಗಂಡನ ಮನೆಯ ಹೆಸರು, ತವರಿನದು ಲಿಸ್ಟರ್ ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಲಿಸ್ಟರ್ ಎಂದರೆ ಬಟ್ಟೆಗೆ ಬಣ್ಣ ಹಾಕುವವನು; ದಕ್ಷಿಣದಲ್ಲಿ ಡೈಯರ್ ಎನ್ನುವವನನ್ನೇ ಈ ಕಡೆ ಲಿಸ್ಟರ್ ಎನ್ನುತ್ತಿದ್ದರು. ಬಣ್ಣದವರ ಮನೆಯ ಹೆಣ್ಣು ತುಳಿಯುವವರ ಮನೆಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಸಂಸಾರ ಮಾಡಿದರೂ, ಎರಡು ಹೆಸರುಗಳಲ್ಲೂ ಕಸುಬಿದೆ ಎಂಬುದು ಯಾರ ಮನಸ್ಸಿಗೂ ಬಂದಿರಲಿಲ್ಲ. ನಮ್ಮಲ್ಲಿ ಬಡಿಗೇರ, ಪತ್ತಾರ ಎಂದೊಡನೆ ಕೇಳಿದವರ ತಲೆಯಲ್ಲಿ ಜಾತಿಯ ಲೆಕ್ಕ ಶುರುವಾಗುತ್ತದೆ. ಇವರಲ್ಲಿ ಕಸುಬಿನ ಹೆಸರು ಬರಿಯ ಸದ್ದಾಗಿ ಉಳಿದಿದೆ. ಹಾಗೆಂದು ಇವರಲ್ಲಿ ಮೇಲುಕೀಳಿಲ್ಲವೆಂದಲ್ಲ. ಅದು ಬೇರೆ ಕಡೆ ಇದೆ, ಮಾತಾಡುವ ಧಾಟಿಯಲ್ಲಿ, ಓದಿದ ಶಾಲೆಯಲ್ಲಿ.

ಆಗ ಹೇಳುತ್ತೇನೆಂದ ಜೇಡಿಮಣ್ಣಿನ ಮಾತು ಉಳಿಯಿತು. ಸರ್ರೆ, ಬೆಡ್‌ಫರ್ಡ್‌ಶೈರ್‌ಗಳಲ್ಲಿ ಅಗೆದು ತೆಗೆಯುತ್ತಿದ್ದ, ಜಿಡ್ಡನ್ನು ಹೀರುವ ಆ ಮಣ್ಣಿಗೆ ಇಲ್ಲಿ ‘ಫುಲ್ಲರ್ಸ್ ಅರ್ತ್’, ಅಂದರೆ ಫುಲ್ಲರನ ಮಣ್ಣು ಎಂದು ಹೆಸರು. ನಮ್ಮ ಬೀದಿಯ ಕೊನೆಯಲ್ಲಿರುವ ಕಿರಾಣಿ ಅಂಗಡಿಯಲ್ಲಿ, ಹೆಸರುಬೇಳೆಯ ಪಕ್ಕದ ಅರೆಯಲ್ಲಿ, ಅದೇ ಹೆಸರಿನ ಪೊಟ್ಟಣ ಕಂಡೆ. ಕೆಳಗೆ ಹಿಂದಿಯಲ್ಲಿ ಬರೆದಿತ್ತು: ಮುಲ್ತಾನಿ ಮಿಟ್ಟಿ! ವೈನಿ ಪ್ರತಿ ಶುಕ್ರವಾರ ಮುಖಕ್ಕೆ ಹಚ್ಚಿಕೊಂಡು ಯಾರೊಡನೆಯೂ ಮಾತಾಡದೆ ಕೂರುವ ಅದೇ ಮಣ್ಣು. ಸಮರ್ಥ ಅದರ ಒಂದು ಚಿಟಿಕೆಯನ್ನು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪ್ರಾಜೆಕ್ಟಿಗೆ ಅಂಟಿಸಲಿ.

‘ನಡೆಯುವವನು’ ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಉಣ್ಣೆ ಬಟ್ಟೆಯನ್ನು ತುಳಿದು ದಟ್ಟಗೊಳಿಸುವವನು, ಫುಲ್ಲರ್, ಟಕರ್ ಎಂದರೂ ಇವನೇ’ ಎಂದು ಬರೆಯಲು ಹೇಳಬೇಕು. ಹಾಳೆ ಹರಿಯುವುದು ಬೇಡ. ತಪ್ಪು ಬರೆದ ಹಾಳೆಯನ್ನು ಹರಿಯಲು ತಾವು ನಮಗೂ ಎಂದೂ ಬಿಟ್ಟವರಲ್ಲ. ಕೆಳಗೆ ಚಿಕ್ಕದಾಗಿ ‘ತಪ್ಪು ಹೇಳಿದವರು ಅತ್ತೆ’ ಎಂದು ಸೇರಿಸಿದರೂ ನನ್ನ ಅಭ್ಯಂತರವಿಲ್ಲ. ಕುಗ್ಗಿದ ಸ್ವೆಟರನ್ನು ಇದೇ ಪತ್ರದ ಜೊತೆ ಕಳಿಸುತ್ತಿದ್ದೇನೆ. ಅಣ್ಣನ ಸಣ್ಣ ಮಗಳಿಗೆ ಅದು ಸರಿಯಾಗಿ ಆಗಬಹುದು.

ಅವ್ವನಿಗೆ, ಅಣ್ಣ ವೈನಿಯರಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತಿ ತಮ್ಮ ಮಗಳು,
ಸುಮಂಗಲಾ