ನನ್ನ ಚಿತ್ರದ ಮುಂದೆ ನಿಂತು ನಿಜ ಹೇಳಿದವರಿಗೆ

ಕಳೆದ ವಾರ ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಮುಗಿಯಿತು. ಒಟ್ಟು 24 ಚಿತ್ರ, ಎಲ್ಲವೂ ತೈಲವರ್ಣ. ಗೋಡೆಯಿಂದ ಒಂದೊಂದಾಗಿ ಇಳಿಸಿ, ಪೇಪರ್ ಸುತ್ತಿ, ಮನೆಗೆ ತಂದು ಇಟ್ಟಾಯಿತು. ಅವತ್ತಿನಿಂದ ಒಂದೇ ಯೋಚನೆ. ಬಂದವರೆಲ್ಲ ನನ್ನ ಹೆಸರು ಹೇಳಿ ಮೆಚ್ಚಿಕೊಂಡರು, ಆದರೆ ಆ 24ರ ಹಿಂದೆ ಇರುವ ಮೂರ್ನಾಲ್ಕು ಜನರ ಬಗ್ಗೆ ಅವರಿಗೆ ಯಾರು ಹೇಳಬೇಕು? ನಾನೇ ಹೇಳಬೇಕು, ಅಲ್ವಾ?

ನಾನು ಕಲಾಶಾಲೆಗೆ ಹೋದವಳಲ್ಲ. ಜೊತೆಯಲ್ಲಿ ಕೂತು ಚಿತ್ರ ಮಾಡುವವರು ಯಾರೂ ಇರಲಿಲ್ಲ. ಮನೆಯಲ್ಲಿ ಏನು ತೋರಿಸಿದರೂ 'ಚೆನ್ನಾಗಿದೆ' ಅನ್ನುತ್ತಿದ್ದರು, ಅದೂ ಪ್ರೀತಿಯಿಂದಲೇ. ಆದರೆ ಆ ಮಾತನ್ನು ಇಟ್ಟುಕೊಂಡು ಮರುದಿನ ಬೆಳಿಗ್ಗೆ ಬ್ರಷ್ ಎಲ್ಲಿ ಇಡಬೇಕು ಅಂತ ಗೊತ್ತಾಗುವುದಿಲ್ಲ. ಒಂದು ತಿಂಗಳು ಜಲವರ್ಣ, ಮುಂದಿನ ತಿಂಗಳು ಇದ್ದಿಲಿನಲ್ಲಿ ಮುಖಗಳು, ಆಮೇಲೆ ಅಮೂರ್ತ ಅಂತ ಏನೇನೋ. ಯಾವುದೂ ಸರಿ ಅನ್ನಿಸದೆ, ಯಾವುದು ತಪ್ಪು ಅಂತಲೂ ತಿಳಿಯದೆ, ಕೊನೆಗೆ ಎಂಟು ತಿಂಗಳು ಬಣ್ಣದ ಟ್ಯೂಬ್ ಮುಚ್ಚಳ ತೆಗೆಯಲೇ ಇಲ್ಲ. ಆ ದಿನಗಳು ತುಂಬಾ ಕಷ್ಟದವು.

ಮೊದಲ ಋಣ ಅಕ್ಕನದು. ಒಡಹುಟ್ಟಿದ ಅಕ್ಕ ಅಲ್ಲ, ನನಗಿಂತ ಎಷ್ಟೋ ವರ್ಷ ಹಿರಿಯ ಕಲಾವಿದೆ, ಪರಿಚಯದವರ ಮೂಲಕ ಸಿಕ್ಕಿದವರು. ಕಿಟಕಿ ಪಕ್ಕದ ಕುರ್ಚಿಯ ಚಿತ್ರವೊಂದನ್ನು ಅವರಿಗೆ ತೋರಿಸಿದೆ. ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, "ಏನು ನೋಡಿ ಇದನ್ನ ಮಾಡಬೇಕು ಅನ್ನಿಸ್ತು ನಿನಗೆ?" ಕುರ್ಚಿಯ ಕೈ ಮೇಲೆ ಬಿದ್ದ ಬೆಳಕು ಅಂದೆ. ಅವರು ಎದ್ದು ಬಂದು ತಮ್ಮ ಅಂಗೈಯಿಂದ ಚಿತ್ರದಲ್ಲಿದ್ದ ಕಿಟಕಿಯನ್ನು ಮುಚ್ಚಿದರು. "ಈಗ ನೋಡು."

ಕುರ್ಚಿಯ ಕೈ ಮೇಲಿನ ಬೆಳಕು ಹೊತ್ತಿಕೊಂಡಿತು! ಅಂಗೈ ತೆಗೆದರು, ಮಂಕಾಯಿತು. ಮತ್ತೆ ಮುಚ್ಚಿದರು. ನಾನು ಅತೀ ಬಿಳಿಯಾದ ಬಿಳಿಯನ್ನು ಕಿಟಕಿಗೆ ಬಳಿದುಬಿಟ್ಟಿದ್ದೆ, ಕುರ್ಚಿಗೆ ಏನೂ ಉಳಿದಿರಲಿಲ್ಲ. ಹೊರಗಿನ ಬೆಳಕಿಗೂ ಕತ್ತಲಿಗೂ ಇರುವ ಅಂತರ ನಮ್ಮ ಬಣ್ಣದಲ್ಲಿ ಬರುವುದೇ ಇಲ್ಲ, ಟ್ಯೂಬಿನ ಬಿಳಿಗಿಂತ ಬಿಳಿ ನಮ್ಮ ಹತ್ತಿರ ಇಲ್ಲ, ಆದ್ದರಿಂದ ಅದನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಮೊದಲೇ ನಿರ್ಧರಿಸು ಅಂದರು. ಕಣ್ಣು ಕಿರಿದು ಮಾಡಿ ನೋಡುವುದನ್ನು ಕಲಿಸಿದರು, ಆಗ ಸಣ್ಣಪುಟ್ಟ ವಿವರ ಕರಗಿ ಬೆಳಕು ನೆರಳಿನ ದೊಡ್ಡ ಆಕಾರ ಮಾತ್ರ ಉಳಿಯುತ್ತದೆ. ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡು ಅಂದರು. ನೋಡಿದರೆ, ಕೆಂಪು ಬಟ್ಟೆಯೂ ಅದರ ಹಿಂದಿನ ಹಸಿರು ಗೋಡೆಯೂ ಒಂದೇ ಬೂದು! ಎರಡು ವಾರ ಬರೀ ಬಣ್ಣ ಬದಲಿಸುತ್ತಾ ಒದ್ದಾಡಿದ್ದೆ ನಾನು.

ಯಾರೂ ಇಲ್ಲದ ದಿನ ಕನ್ನಡಿ ಹಿಡಿ ಅಂದಿದ್ದೂ ಅವರೇ. ಇದು ಹಳೆಯ ಉಪಾಯ. ಚಿತ್ರ ಮಾಡುವಾಗ ಕನ್ನಡಿಯಲ್ಲಿ ತಿರುಗುಮುರುಗಾಗಿ ನೋಡಬೇಕು, ಆಗ ಅದು ಬೇರೆಯವರ ಕೆಲಸದ ಹಾಗೆ ಕಂಡು ತಪ್ಪು ಬೇಗ ಗೊತ್ತಾಗುತ್ತದೆ ಅಂತ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ನನ್ನ ಕುರ್ಚಿಗಳೆಲ್ಲ ಸ್ವಲ್ಪ ಬಲಕ್ಕೆ ವಾಲುತ್ತವೆ ಅಂತ ತಿಳಿದಿದ್ದು ಹಾಗೆ.

ಇನ್ನೊಬ್ಬ ನನ್ನ ಗೆಳೆಯ. ಲೆಕ್ಕಪತ್ರದ ಕೆಲಸ ಅವನದು, ಚಿತ್ರಕಲೆಗೂ ಅವನಿಗೂ ಸಂಬಂಧವಿಲ್ಲ. 'ಹೇಗಿದೆ?' ಅಂತ ಕೇಳಿದಾಗಲೆಲ್ಲ ಮುಜುಗರಪಡುತ್ತಿದ್ದ. ಒಂದು ದಿನ, "ನಾನು ಏನು ನೋಡಬೇಕು ಅಂತ ಸರಿಯಾಗಿ ಹೇಳು ಮಾರಾಯ್ತಿ" ಅಂದ. ಅಲ್ಲಿಂದ ಅವನಿಗೆ ಎರಡೇ ಪ್ರಶ್ನೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ? ಬೆರಳಿಟ್ಟು ತೋರಿಸುತ್ತಾನೆ. ಎಷ್ಟೋ ಸಲ ನಾನು ಅಂದುಕೊಂಡ ಜಾಗಕ್ಕೂ ಅವನ ಬೆರಳಿಗೂ ಒಂದು ಗೇಣು ದೂರ ಇರುತ್ತಿತ್ತು. ನನ್ನ ಚಿತ್ರಗಳಿಗೆ ಅವನಷ್ಟು ಸಹಾಯ ಮಾಡಿದವರು ಕಡಿಮೆ.

ಮತ್ತೊಬ್ಬರಿಗೆ ಧನ್ಯವಾದದ ಜೊತೆ ಕ್ಷಮೆಯನ್ನೂ ಕೇಳಬೇಕು. ನಿಮ್ಮ ನೆರಳುಗಳೆಲ್ಲ ಒಂದೇ ಕಪ್ಪು, ಎಲ್ಲಾ ಸತ್ತ ಹಾಗಿವೆ ಅಂತ ನೀವು ಬರೆದಿದ್ದಿರಿ. ತುಂಬಾ ನೋವಾಯಿತು. ಉತ್ತರ ಬರೆಯಲಿಲ್ಲ, ನಾಲ್ಕು ತಿಂಗಳು ಆ ಪತ್ರ ತೆರೆಯಲೂ ಇಲ್ಲ. ಆಗ ವ್ಯಾನ್ ಗೋ ಬಗ್ಗೆ ಓದುತ್ತಿದ್ದೆ. 1885ರಲ್ಲಿ ಆಲೂಗಡ್ಡೆ ತಿನ್ನುವ ರೈತರ ಚಿತ್ರದ ಕಲ್ಲಚ್ಚು ಪ್ರತಿಯನ್ನು ಗೆಳೆಯ ರಪ್ಪಾರ್ಡ್‌ಗೆ ಕಳಿಸಿದ್ದ, ಅವನು ಕಟುವಾಗಿ ಟೀಕಿಸಿ ಬರೆದ, ವ್ಯಾನ್ ಗೋ ಆ ಪತ್ರವನ್ನೇ ವಾಪಸ್ ಕಳಿಸಿಬಿಟ್ಟ. ಗೆಳೆತನ ಮತ್ತೆ ಮೊದಲಿನಂತಾಗಲಿಲ್ಲ. ತಮ್ಮ ಥಿಯೋಗೆ 600ಕ್ಕೂ ಹೆಚ್ಚು ಪತ್ರ ಬರೆದು ತನ್ನ ಕೆಲಸವನ್ನೆಲ್ಲ ಬಿಡಿಸಿ ಹೇಳಿಕೊಂಡವನಿಗೂ ಹಾಗಾಯಿತಲ್ಲ ಅನ್ನಿಸಿತು. ನಿಮ್ಮ ಪತ್ರ ಹುಡುಕಿ ತೆಗೆದೆ. ನೀವು ಹೇಳಿದ್ದು ನಿಜ. ಎಲ್ಲಾ ನೆರಳಿಗೂ ಟ್ಯೂಬಿನ ಕಪ್ಪು ಬೆರೆಸುತ್ತಿದ್ದೆ. ಈಗ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಅನ್ನುವ ಕಂದು ಸೇರಿಸಿ ಗಾಢ ಬಣ್ಣ ಮಾಡಿಕೊಳ್ಳುತ್ತೇನೆ. ನೀಲಿ ಜಾಸ್ತಿಯಾದರೆ ನೆರಳು ತಣ್ಣಗೆ, ಅಂಬರ್ ಜಾಸ್ತಿಯಾದರೆ ಬೆಚ್ಚಗೆ. ಪ್ರದರ್ಶನದಲ್ಲಿದ್ದ ಯಾವ ಚಿತ್ರದಲ್ಲೂ ಟ್ಯೂಬಿನ ಕಪ್ಪು ಇಲ್ಲ. ದಯವಿಟ್ಟು ಕ್ಷಮಿಸಿ. ತುಂಬಾ ಥ್ಯಾಂಕ್ಸ್.

ಇನ್ನು ನನ್ನ ತಮ್ಮ. ಮುಂದೆ ಏನು ಮಾಡಲಿ ಅಂತ ನಾನು ಅಳುತ್ತಾ ಕೂತಿದ್ದ ದಿನ, ಅವನು ಸುಮ್ನೆ ನನ್ನ ಹಳೆಯ ಸ್ಕೆಚ್‌ಗಳನ್ನೆಲ್ಲ ತಂದು ನೆಲದ ಮೇಲೆ ಹರಡಿದ. ಅರವತ್ತು ಮೇಲಿದ್ದವು. ಯಾರೂ ಹೇಳದೆ, ನಿನಗೇ ಬೇಕು ಅನ್ನಿಸಿ ಮಾಡಿದ್ದನ್ನ ಮಾತ್ರ ಈ ಕಡೆ ಇಡು ಅಂದ. ಇಟ್ಟೆ. 19 ಬಂದವು. ಖಾಲಿ ಕುರ್ಚಿ, ಮಡಿಸದ ಹೊದಿಕೆ, ಅರ್ಧ ತೆರೆದ ಬಾಗಿಲು, ಯಾರೋ ಈಗಷ್ಟೇ ಎದ್ದು ಹೋದಂಥ ಜಾಗಗಳು. ಆರು ವರ್ಷದಿಂದ ಅದನ್ನೇ ಮಾಡುತ್ತಾ ಬಂದಿದ್ದೀನಿ, ನನಗೇ ಗೊತ್ತಿರಲಿಲ್ಲ. ಪ್ರದರ್ಶನದ 24 ಚಿತ್ರಗಳೂ ಅಲ್ಲಿಂದಲೇ ಹುಟ್ಟಿದವು. ಥ್ಯಾಂಕ್ಸ್ ಕಣೋ.

ಅಕ್ಕಾ, ಹೊಸ ಕ್ಯಾನ್ವಾಸ್ ಶುರು ಮಾಡಿದ್ದೇನೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳು. ಕೆಳಗೆ ಎಡಮೂಲೆಯ ನೆರಳು ಕಣ್ಣನ್ನು ಹೊರಗೆ ಎಳೆಯುತ್ತಿದೆ ಅಂತ ಅನುಮಾನ. ನಾನೇ ಅಂಗೈ ಇಟ್ಟು ನೋಡಿದೆ, ತೀರ್ಮಾನ ಆಗಲಿಲ್ಲ. ಈ ಭಾನುವಾರ ಬರುತ್ತೀರಾ?