ಇಬ್ಬರೂ ಎಸ್. ಚಂದ್ರಶೇಖರ್, ಆದರೆ ಒಬ್ಬರಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ವಿಜ್ಞಾನ ದಿನಕ್ಕೆ ಮೊಮ್ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ಎಂಟನೇ ಕ್ಲಾಸಿನವರ ಮೇಜಿನ ಹಿಂದೆ ದ್ರವಸ್ಫಟಿಕಗಳ ಬಗ್ಗೆ ಒಂದು ಚಾರ್ಟ್. ಲಿಕ್ವಿಡ್ ಕ್ರಿಸ್ಟಲ್ ಅಂತೀವಲ್ಲ, ಅದೇ. ಖುಷಿಯಿಂದ ಹತ್ತಿರ ಹೋದೆ. ಬರೆದದ್ದೆಲ್ಲ ಸರಿ ಇತ್ತು. ದ್ರವಸ್ಫಟಿಕ ವಿಜ್ಞಾನಿ ಶಿವರಾಮಕೃಷ್ಣ ಚಂದ್ರಶೇಖರರ ಫೋಟೋ ಇರಬೇಕಾದ ಜಾಗದಲ್ಲಿ ಅಂಟಿಸಿದ್ದು ಮಾತ್ರ ನಕ್ಷತ್ರಗಳ ಮೇಲಿನ ಕೆಲಸಕ್ಕೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರರದ್ದು! ಟೀಚರಿಗೆ ಹೇಳಿದೆ. ‘ಇರ್ಲಿ ಬಿಡಿ ಮೇಡಂ, ಇಬ್ಬರೂ ರಾಮನ್ ನೆಫ್ಯೂಗಳೇ ಅಲ್ವಾ’ ಅಂದರು.

ಇಂಗ್ಲಿಷಿನಲ್ಲಿ ಹೌದು. ಕನ್ನಡದಲ್ಲಿ ಅಲ್ಲ. ನೊಬೆಲ್ ಚಂದ್ರಶೇಖರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ದ್ರವಸ್ಫಟಿಕದ ಶಿವರಾಮಕೃಷ್ಣ ಚಂದ್ರಶೇಖರ್ ಸೋದರಳಿಯ, ರಾಮನ್ ಇವರಿಗೆ ಸೋದರಮಾವ. ಅವರವರಲ್ಲಿ ಅತ್ತೆ ಮಗ, ಮಾವನ ಮಗ. ಇಬ್ಬರ ಅಪ್ಪಂದಿರ ಹೆಸರೂ ‘ಎಸ್’ನಿಂದ ಶುರು, ಹಾಗಾಗಿ ಇನಿಷಿಯಲ್ಲೂ ಒಂದೇ. ವಯಸ್ಸಿನಲ್ಲಿ ಮಾತ್ರ 20 ವರ್ಷ ಅಂತರ. ಸಾಲದ್ದಕ್ಕೆ, ಒಬ್ಬರಿಗೆ ನೊಬೆಲ್ ಬಂದ 1983ರಲ್ಲೇ ಇನ್ನೊಬ್ಬರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಮಕ್ಕಳು ಗಲಿಬಿಲಿಯಾದರೆ ತಪ್ಪೇನೂ ಇಲ್ಲ ಬಿಡಿ.

ನಾನು ಪಿಯುಸಿ ಮಕ್ಕಳಿಗೆ 30 ವರ್ಷ ಭೌತಶಾಸ್ತ್ರ ಹೇಳಿಕೊಟ್ಟವಳು. ಎಂ.ಎಸ್‌ಸಿ. ಓದಿದ್ದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ. ಸೋದರಮಾವನ ಹತ್ತಿರವೇ ಸಂಶೋಧನೆ ಕಲಿತು, ಕೇಂಬ್ರಿಜ್, ಲಂಡನ್ ಮುಗಿಸಿಕೊಂಡು 1961ರಲ್ಲಿ ಬಂದ ಈ ಚಂದ್ರಶೇಖರರೇ ಅಲ್ಲಿನ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರು. ಅಲ್ಲಿಯವರೆಗೆ ಗಟ್ಟಿ ಹರಳುಗಳ ಮೇಲೆ ಕೆಲಸ ಮಾಡುತ್ತಿದ್ದವರು ದ್ರವಸ್ಫಟಿಕದ ಕಡೆ ತಿರುಗಿದ್ದು ಮೈಸೂರಿನಲ್ಲೇ. ಮೈಸೂರಿನವಳಾಗಿ ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ನಾನು ಸೇರಿದ್ದು ಆಮೇಲೆ. ಅವರ ಪಾಠ ಕೇಳುವ ಯೋಗ ಇರಲಿಲ್ಲ.

ನನ್ನ ಕ್ಲಾಸಿನ ಸಿಲಬಸ್ಸಿನಲ್ಲಿ ದ್ರವಸ್ಫಟಿಕಕ್ಕೆ ಜಾಗ ಇರಲಿಲ್ಲ. ಆದರೂ ಕ್ಯಾಲ್ಕುಲೇಟರ್ ಒಯ್ಯುತ್ತಿದ್ದೆ, ಅದರ ಪರದೆ ದ್ರವಸ್ಫಟಿಕದ್ದೇ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆಯ ಚೂರನ್ನು ಅದರ ಮೇಲಿಟ್ಟು ನಿಧಾನ ತಿರುಗಿಸಿದರೆ ಒಂದು ಕೋನದಲ್ಲಿ ಇಡೀ ಪರದೆ ಕಪ್ಪು. ಇನ್ನಷ್ಟು ತಿರುಗಿಸಿ, ಅಂಕಿ ವಾಪಸ್. ಕೊನೆಯ ಬೆಂಚಿನವರೂ ಎದ್ದು ಬರುತ್ತಿದ್ದರು.

1888ರಲ್ಲಿ ಪ್ರಾಗ್‌ನ ವಿಜ್ಞಾನಿ ರೈನಿಟ್ಜರ್ ಒಂದು ವಸ್ತುವನ್ನು ಕಾಯಿಸಿದಾಗ ಅದು 145 ಡಿಗ್ರಿಯಲ್ಲಿ ಕರಗಿ ಗಂಜಿಯಂತೆ ಮಬ್ಬಾಯಿತು, 178ರಲ್ಲಿ ತಿಳಿಯಾಯಿತು. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ನೀರಿನಂತೆ ಹರಿಯುತ್ತದೆ, ಹರಳಿನಂತೆ ಶಿಸ್ತೂ ಇರುತ್ತದೆ. ಇಂಥ ಅಣುಗಳು ಬೆಂಕಿಕಡ್ಡಿಯಂತೆ ಉದ್ದಕ್ಕಿರಬೇಕು ಅಂತಲೇ ಸುಮಾರು 90 ವರ್ಷ ನಂಬಿದ್ದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಬೇರೆಯದನ್ನು ತೋರಿಸಿದರು. ಬೆಂಜೀನ್ ಉಂಗುರದ ಆರೂ ಮೂಲೆಗೆ ಒಂದೊಂದು ಬಾಲ ಕಟ್ಟಿದ ಚಪ್ಪಟೆ ಅಣು. ಅವು ಹಪ್ಪಳ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಕಂಬಗಳು ಜೇನುಗೂಡಿನ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕಂಬದೊಳಗೆ ಮಾತ್ರ ಹಪ್ಪಳಗಳ ನಡುವಿನ ಅಂತರಕ್ಕೆ ನಿಯಮ ಇಲ್ಲ, ಅಲ್ಲಿ ದ್ರವದ ಬುದ್ಧಿ. ಇದನ್ನು ಅವರು ಪ್ರಕಟಿಸಿದ್ದು ವಿದೇಶಿ ಪತ್ರಿಕೆಯಲ್ಲಲ್ಲ, ಬೆಂಗಳೂರಿನಿಂದಲೇ ಬರುವ ‘ಪ್ರಮಾಣ’ದಲ್ಲಿ. ಜಗತ್ತಿನವರು ಅದನ್ನೇ ಹುಡುಕಿ ಓದಬೇಕಾಯಿತು.

ಹಾಗಂತ ಎಲ್‌ಸಿಡಿ, ಅಂದರೆ ದ್ರವಸ್ಫಟಿಕ ಪರದೆಯ ಟಿ.ವಿ. ಕಂಡುಹಿಡಿದದ್ದು ಇವರೇ ಅಂತ ಯಾರೂ ಬರೆಯಬೇಡಿ. ಆ ಪರದೆಯೊಳಗಿನ ಅಣುಗಳು ಈಗಲೂ ಕಡ್ಡಿಯಂಥವೇ. ಎಲ್‌ಸಿಡಿಯನ್ನು ಓರೆಯಿಂದ ನೋಡಿದರೆ ಚಿತ್ರ ಮಂಕಾಗುತ್ತಿತ್ತಲ್ಲ, ಅದನ್ನು ಸರಿಮಾಡಲು 1990ರ ದಶಕದಲ್ಲಿ ಜಪಾನಿನವರು ತಂದ ತೆಳು ಹಾಳೆಯಲ್ಲಿ ಈ ಬಿಲ್ಲೆ ಅಣುಗಳಿದ್ದವು.

ನಿವೃತ್ತಿಯಾದ ಮೇಲೆ ನಾನು ಸೊಪ್ಪು ಬಿಡಿಸುತ್ತ ಕೂತಿದ್ದೇನೆ. ಚಂದ್ರಶೇಖರ್ 1991ರಲ್ಲಿ, 60 ದಾಟಿದ ಮೇಲೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೊಟ್ಟ ಕಟ್ಟಡದಲ್ಲಿ ಹೊಸದಾಗಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಶುರುಮಾಡಿದರು. 2004ರ ಮಾರ್ಚ್ 8ರಂದು ತೀರಿಕೊಂಡರು. ಕೇಂದ್ರ ಈಗ ಹೆಸರು ಬದಲಿಸಿಕೊಂಡು ನ್ಯಾನೊ ಮತ್ತು ಮೃದು ವಸ್ತುಗಳ ಕೆಲಸ ಮಾಡುತ್ತಿದೆ.

ನಿಮ್ಮ ವಿಜ್ಞಾನ ಪುಟದಲ್ಲಿ ಇವರ ಬಗ್ಗೆ ಒಂದು ಬರಹ ಹಾಕಿ. ಫೋಟೋದ ಕೆಳಗೆ ‘ರಾಮನ್ ಸೋದರಳಿಯ’ ಅಂತ ಕನ್ನಡದಲ್ಲಿ ಬರೆಸಿ. ಮೊಮ್ಮಗಳು ಚಾರ್ಟಿನಲ್ಲಿ ಸರಿಯಾದ ಫೋಟೋ ಅಂಟಿಸಿದ್ದಾಳೆ. ಕಿತ್ತ ಫೋಟೋ ನನ್ನ ಮೇಜಿನ ಮೇಲಿದೆ. ಮುಂದಿನ ವರ್ಷ ನಕ್ಷತ್ರಗಳ ಚಾರ್ಟಿಗೆ ಬೇಕಂತೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಮೈಸೂರು